ಮೊದಲ ಉತ್ತರ ಆಕೆಗೆ

"ಆ ಹುಡುಗೀನ ಮೊದಲು ಅವರ ತಲೆ ಹತ್ರದಿಂದ ಎಬ್ಬಿಸೇ," ಎಂದು ಸತ್ತವನ ಹೆಂಡತಿ ಕುರ್ಚಿ ಎಳೆಯುತ್ತಲೇ ನಾದಿನಿಗೆ ಹೇಳಿದಳು. "ಯಾರವಳು? ನನಗಿಂತ ಜೋರಾಗಿ ಅಳ್ತಾಳಲ್ಲ!"

"ಅಣ್ಣನ ಹತ್ರ ಕಂಪ್ಯೂಟರ್ ವಿಷಯ ಏನೋ ಕೇಳ್ತಿದ್ದಳಂತೆ ಅತ್ತಿಗೆ. ಮುಖ ನೋಡಿದ್ದು ಇವತ್ತೇ ಅಂತೆ."

"ಮುಖ ನೋಡದೇನೇ ಇಷ್ಟು ಕಣ್ಣೀರಾ?"

ಕೋಣೆಯ ತುಂಬ ಇಂಥವರೇ. ಸತ್ತವನದು ದೊಡ್ಡ ಹುದ್ದೆಯೇನಲ್ಲ. ಪ್ರೋಗ್ರಾಮ್ ಬರೆಯುವವರು ಬಳಸುವ ಒಂದು ಸಾಫ್ಟ್‌ವೇರನ್ನು ಅವನ ಕಂಪನಿ ತಯಾರಿಸುತ್ತಿತ್ತು. ಅದು ಕೈಕೊಟ್ಟಾಗ ಬರುವ ದೂರುಗಳಿಗೆ ಇವನು ಉತ್ತರ ಬರೆಯುತ್ತಿದ್ದ. ಮನೆಯ ಊಟದ ಮೇಜೇ ಕಚೇರಿ. ಕಂಡು ಕೇಳರಿಯದವರಿಗೆಲ್ಲ "ಗಾಬರಿ ಬೇಡ, ಮೊದಲಿನಿಂದ ಹೇಳಿ" ಎಂದು ಬರೆಯುವವನು, ಹೆಂಡತಿ ಎದುರಿಗೆ ನಿಂತು ಮಾತಾಡಿದರೆ "ಹೂಂ" ಎನ್ನುತ್ತಿದ್ದ. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಹೆಣದ ಮುಂದೆ ಕೂತಾಗಲೂ ಆ ಉರಿ ಆರಿರಲಿಲ್ಲ.

*

ಒಂದು ಮಧ್ಯಾಹ್ನ ಅದೇ ಹೊಟ್ಟೆಕಿಚ್ಚಿನಲ್ಲಿ ಅವಳೂ ಒಂದು ದೂರು ಬರೆದಿದ್ದಳು. ಅವನು ಫೋನಿನಲ್ಲಿ ಮಾತಾಡುವುದನ್ನು ಕೇಳಿ ಕೇಳಿ ಕಲಿತ ಪದಗಳನ್ನೇ ಅತ್ತಿತ್ತ ಜೋಡಿಸಿ, ಸೇವ್ ಒತ್ತಿದರೆ ಬರೆದದ್ದೆಲ್ಲ ಮಾಯವಾಗುತ್ತದೆ ಎಂದು ಇಲ್ಲದ ತಕರಾರು ಹುಟ್ಟಿಸಿದಳು. ಕೆಳಗೆ ಹಾಕಿದ ಹೆಸರು 'ಹೊಸಬಳು'.

ಅಡುಗೆಮನೆಯಲ್ಲಿ ಫೋನ್ ಹಿಡಿದು ಕೂತವಳಿಗೆ ಗೋಡೆಯಾಚೆಯ ಮೇಜಿನಿಂದ ಉತ್ತರ ಬಂತು. ಎಷ್ಟು ಉದ್ದ, ಎಷ್ಟು ನಯ! "ಬರೆದದ್ದು ಕಳೆದುಹೋದರೆ ಎಷ್ಟು ಬೇಸರವಾಗುತ್ತದೆಂದು ಗೊತ್ತು. ನಾನಿದ್ದೇನೆ, ಹುಡುಕೋಣ." ಓದಿ ಅವಳ ಕಣ್ಣು ತುಂಬಿತು. ಮರುಕ್ಷಣವೇ ಆ ಹೊಸಬಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹಾಗಂತ ಬರೆಯುವುದನ್ನು ಬಿಟ್ಟಳೇ? ಎಲ್ಲಿ ಬಂತು, ದಿನಾ ಬರೆದಳು!

*

ಕಂಪನಿಯ ಮ್ಯಾನೇಜರ್ ಬಂದು ಅವಳ ಪಕ್ಕ ಕೂತ. ಯಾವ ಕೆಲಸ ಯಾವಾಗ ಎತ್ತಿಕೊಳ್ಳಬೇಕೆಂದು ಯೋಜನೆ ಹಾಕುವವನು ಅವನೇ. ಸುತ್ತ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದ:

"ಮೇಡಂ, 'ಹೊಸಬಳು' ಅಂತ ಯಾರಾದ್ರೂ ಬಂದಿದ್ದಾರಾ?"

ಅವಳು ತಟ್ಟನೆ ಅವನ ಕಡೆ ತಿರುಗಿದಳು. "ಯಾಕೆ?"

"ಅವರ ತಕರಾರು ಪ್ರತಿ ಪ್ಲಾನಿಂಗ್ ಮೀಟಿಂಗಲ್ಲೂ ಬರ್ತಿತ್ತು. ಎಲ್ಲರೂ ಪರೀಕ್ಷೆ ಮಾಡಿದ್ವಿ, ಅಂಥ ದೋಷಾನೇ ಇಲ್ಲ. ತೆಗೆದುಹಾಕೋಣ ಅಂದ್ರೆ ನಿಮ್ಮವರು ಬಿಡ್ತಿರಲಿಲ್ಲ. 'ಇಲ್ಲ ಅಂತ ನನಗೂ ಗೊತ್ತು ಮಾರಾಯ. ದೂರು ಮುಚ್ಚಿಬಿಟ್ರೆ ಆಕೆ ಬರೆಯೋದು ನಿಲ್ಲಿಸ್ತಾಳೆ' ಅನ್ನೋರು. ದಿನಾ ಮೊದಲ ಉತ್ತರ ಆಕೆಗೇ."

"ಆಕೆ ಯಾರು ಅಂತ ಅವರಿಗೆ ಗೊತ್ತಿತ್ತಾ?"

"ಕೇಳಿದ್ರೆ ನಗೋರು, ಅಷ್ಟೇ."

ಆ ನಗುವೂ ಅವಳ ಪಾಲಿಗೆ ಬಂದಿರಲಿಲ್ಲ. ಗೊತ್ತಿದ್ದೇ ನಕ್ಕನೋ, ಇಲ್ಲ ಯಾವಳನ್ನೋ ನೆನೆದು ನಕ್ಕನೋ? ಹೆಣವನ್ನೇ ಹಿಡಿದು ಅಲ್ಲಾಡಿಸಿ ಕೇಳಬೇಕೆನಿಸಿತು.

"ಪಾಪ, ಆಕೆಗೆ ಯಾರು ವಿಷಯ ತಿಳಿಸ್ತಾರೋ," ಎಂದ ಮ್ಯಾನೇಜರ್.

"ನಾನು ತಿಳಿಸ್ತೀನಿ ಬಿಡಿ." ಅವಳು ಎದ್ದು ನಿಂತಳು. "ಎಲ್ಲರೂ ಸ್ವಲ್ಪ ಹೊತ್ತು ಆಚೆ ನಡೀರಿ."

ಅಳುತ್ತಿದ್ದ ಹುಡುಗಿಯೂ ಮೂಗೊರೆಸಿಕೊಂಡು ಹೊರಗೆ ಹೋದಳು. ಹೆಂಡತಿ ಬಾಗಿಲು ಹಾಕಿ ಚಿಲಕ ಜಡಿದಳು. ಬೀದಿಯಲ್ಲಿ ಹೆಣ ಒಯ್ಯುವ ಗಾಡಿ ಬಂದು ನಿಂತ ಸದ್ದಾಯಿತು.

"ಅತ್ತಿಗೆ, ಹೊತ್ತಾಯ್ತು!" ನಾದಿನಿ ಬಾಗಿಲು ತಟ್ಟಿದಳು.

ಒಳಗೆ ಅವಳು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ತಿರುಗಿಸಲು ನೋಡಿದಳು. ಸೆಟೆದ ಕತ್ತು ತಿರುಗಲಿಲ್ಲ. ಕೊನೆಗೆ ತಾನೇ ಬಗ್ಗಿ, ಅವನ ಮುಚ್ಚಿದ ಕಣ್ಣುಗಳ ನೇರಕ್ಕೆ ತನ್ನ ಮುಖ ತಂದು, "ಹೊಸಬಳು ಬಂದಿದ್ದಾಳೆ, ನೋಡ್ರೀ" ಎಂದಳು.