ಝಿಯೋರಾಳ ಹನ್ನೊಂದನೇ ಹಾಡು

ನನ್ನ ಕಿವಿ ಹೋಗಿದೆ ಎಂಬ ಗುಟ್ಟನ್ನು ಬಯಲು ಮಾಡಿದ್ದು ಕಿತ್ತಳೆ ಬಣ್ಣದ ಜಡೆಯ ಒಬ್ಬ ಬೊಂಬೆ ಹುಡುಗಿ. ಅವಳು ನಿಜವಾಗಿ ಇಲ್ಲ. ಕಂಪ್ಯೂಟರಿನಲ್ಲಿ ಹುಟ್ಟಿ ಕಂಪ್ಯೂಟರಿನಲ್ಲೇ ಹಾಡುವವಳು. ಹೆಸರು ಝಿಯೋರಾ, ಯಾವುದೋ ಕೆಮ್ಮಿನ ಔಷಧಿಯ ಹೆಸರಿನ ಹಾಗೆ. ನಿಜವಾಗಿ ಇರುವ ಮನುಷ್ಯರೆಲ್ಲ ಎರಡು ವರ್ಷ ನನ್ನ ಎದುರಿಗೇ ಕುಳಿತು ಮಾತಾಡಿದರು, ಒಬ್ಬರಿಗೂ ತಿಳಿಯಲಿಲ್ಲ. ಹಾಗೆಂದು ನಾನು ನಂಬಿಕೊಂಡಿದ್ದೆ.

ಪೂರ್ತಿ ಕಿವುಡನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಬಿಟ್ಟು ಬಂದ ಈ ಕೊಲ್ಲಿ ದೇಶದಲ್ಲಿ, ಮೀನಾ ಸಲ್ಮಾನ್ ಬಂದರಿನ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ಇಪ್ಪತ್ತಮೂರು ವರ್ಷದಿಂದ ಮ್ಯಾನೇಜರ್ ನಾನು. ಗೋಡೆಯಾಚೆ ವರ್ಕ್‌ಶಾಪ್, ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಕೊಯ್ಯುವ ಸದ್ದು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಇಯರ್‌ಪ್ಲಗ್ ಮೇಜಿನ ಡ್ರಾವರಿನಲ್ಲಿ ಪ್ಯಾಕೆಟ್ ಒಡೆಯದೆ ಹಾಗೇ ಬಿದ್ದಿದೆ. ಮ್ಯಾನೇಜರ್ ಆದವನು ಅದನ್ನು ತುರುಕಿಕೊಂಡು ತಿರುಗಿದರೆ ಕೆಲಸದವರು ನಗುತ್ತಾರೆ ಎಂದುಕೊಂಡಿದ್ದೆ. ಶುದ್ಧ ದಡ್ಡತನ. ದೊಡ್ಡ ಸದ್ದು ಈಗಲೂ ಕೇಳುತ್ತದೆ. ಸಣ್ಣದು, ಚೂಪಾದದ್ದು ಹೋಗಿದೆ. ಫೋನಿನ ರಿಂಗು ಹೋಯಿತು, ಕುಕ್ಕರಿನ ವಿಸಿಲ್ ಹೋಯಿತು, ಕೊನೆಗೆ ಜಾಗಟೆಯೂ ಹೋಯಿತು.

ಜಾಗಟೆ ಹೋದದ್ದೇ ನನಗೆ ಸಂಕಟ. ಇಲ್ಲಿಯ ನಮ್ಮ ಯಕ್ಷಗಾನ ತಂಡದಲ್ಲಿ ಹದಿನೆಂಟು ವರ್ಷದಿಂದ ಮದ್ದಳೆ ಬಾರಿಸುತ್ತಿದ್ದೇನೆ. ಭಾಗವತ ಪದ ಹಾಡುತ್ತಾ ಜಾಗಟೆಯಲ್ಲಿ ತಾಳ ಹಾಕುತ್ತಾನೆ, ಮದ್ದಳೆಯವನು ಆ ತಾಳವನ್ನು ಹಿಡಿದು ನಡೆಯಬೇಕು. ಗೋದಾಮಿನಲ್ಲಿ ನಾನು ಸಂಬಳದ ಮನುಷ್ಯ, ಇವತ್ತು ಹೋದರೆ ನಾಳೆ ಇನ್ನೊಬ್ಬ ಬರುತ್ತಾನೆ. ಮದ್ದಳೆ ತೊಡೆಯ ಮೇಲೆ ಬಂದಾಗ ಮಾತ್ರ ನಾನು ಭುಜಂಗ. ಆ ಜಾಗ ಬಿಡುವುದು ನನ್ನಿಂದಾಗದ ಮಾತು.

ಹಾಗಾಗಿ ಕಿವಿಯ ಕೆಲಸವನ್ನು ಕಣ್ಣಿಗೆ ಕೊಟ್ಟೆ. ಭಾಗವತ ಸಂದೇಶನ ಕೈ ನೋಡಿಯೇ ಬಾರಿಸತೊಡಗಿದೆ. ಕೆಲವು ತಿಂಗಳಲ್ಲಿ ಅವನು ಜಾಗಟೆಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿಯತೊಡಗಿದ. “ಎಂಥ ಸ್ಟೈಲ್ ಮಾರಾಯ, ಮಂಗಳಾರತಿ ಎತ್ತುವ ಹಾಗೆ!” ಎಂದು ಎಲ್ಲರೆದುರು ತಮಾಷೆಯೂ ಮಾಡಿದ್ದೆ. ಅವನು ನಕ್ಕು ಸುಮ್ಮನಾಗಿದ್ದ. ಮದ್ದಳೆಯ ಶ್ರುತಿ ಕೂಡಿಸಲು ಫೋನಿನಲ್ಲಿ ಒಂದು ಆ್ಯಪ್ ಇತ್ತು, ಮುಳ್ಳು ಹಸಿರು ಗೆರೆಗೆ ಬಂದರೆ ಶ್ರುತಿ ಸೇರಿತು ಎಂದರ್ಥ. ಅದನ್ನು ನೋಡಲಿಕ್ಕೆಂದೇ ಶುಕ್ರವಾರದ ಅಭ್ಯಾಸಕ್ಕೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಹಾಲ್‌ಗೆ ಹೋಗುತ್ತಿದ್ದೆ. “ಭುಜಂಗಣ್ಣನ ಶಿಸ್ತು ನೋಡಿ ಕಲಿಯಿರಿ” ಎಂದು ಎಲ್ಲರೂ ಹೊಗಳುತ್ತಿದ್ದರು.

ಈ ವರ್ಷದ ಯಕ್ಷಗಾನದ ಆಟಕ್ಕೆ ಮೂರು ವಾರ ಇರುವಾಗ ಸಂದೇಶ ಹೊಸದೊಂದು ಯೋಚನೆ ತೆಗೆದ. ರಾಕ್ಷಸ ವೇಷ ಪ್ರೇಕ್ಷಕರ ನಡುವಿನಿಂದ ದೊಂದಿ ಹಿಡಿದು ಬರುವಾಗ ಹಾಲ್‌ನ ದೀಪಗಳನ್ನೆಲ್ಲ ಆರಿಸುವುದು. ಬೆಂಕಿಗೆ ಹಾಲ್‌ನವರ ಒಪ್ಪಿಗೆ ಇಲ್ಲ, ಬ್ಯಾಟರಿಯ ದೊಂದಿ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಒಳಗೊಳಗೆ ಲೆಕ್ಕ ಹಾಕುತ್ತಾ. ಮೂರು ನಿಮಿಷ ಕತ್ತಲೆ ಎಂದರೆ ಮೂರು ನಿಮಿಷ ಸಂದೇಶನ ಕೈ ಕಾಣುವುದಿಲ್ಲ.

ಆ ಶನಿವಾರ ಮಧ್ಯಾಹ್ನ ಗುಫೂಲಿನ ನಮ್ಮ ಫ್ಲ್ಯಾಟಿನಲ್ಲಿ ಊಟ ಮುಗಿಸಿ ಕುಳಿತಿದ್ದೆ. ಮಗಳು ಸುಪ್ರೀತಾ, ಒಂಬತ್ತನೇ ಕ್ಲಾಸು, ಪಕ್ಕದಲ್ಲಿ ತನ್ನ ಆಟದ ಯಂತ್ರ ಹಿಡಿದು ಗೊಣಗುತ್ತಿದ್ದಳು. ಆಟ ಇಷ್ಟೇ: ಝಿಯೋರಾ ಕುಣಿಯುತ್ತಾ ಹಾಡುತ್ತಾಳೆ, ಬಣ್ಣದ ಗುರುತುಗಳು ಮೇಲಿನಿಂದ ಇಳಿದು ಒಂದು ಗೆರೆಗೆ ತಾಗುತ್ತವೆ, ತಾಗಿದ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಬೇಕು. ತಪ್ಪಿದರೆ ಅವಳು ತಲೆಗೆ ಕೈಹೊತ್ತು ಕುಳಿತುಬಿಡುತ್ತಾಳೆ. ಸುಪ್ರೀತಾ ಹನ್ನೊಂದನೇ ಹಾಡಿನಲ್ಲಿ ಹತ್ತು ದಿನದಿಂದ ಸಿಕ್ಕಿಬಿದ್ದಿದ್ದಳು.

“ಅಪ್ಪ, ನಿಮ್ಮ ಕೈ ಫಾಸ್ಟ್ ಅಲ್ವಾ? ಇದೊಂದು ಸಾಂಗ್ ಕ್ಲಿಯರ್ ಮಾಡಿ ಕೊಡಿ, ಪ್ಲೀಸ್.”

“ಮದ್ದಳೆ ಬಾರಿಸುವವನಿಗೆ ಮಕ್ಕಳಾಟಿಕೆ ಕೊಡ್ತೀಯಾ?” ಎಂದೆ. ಆದರೆ ಕೈ ತುರಿಸಿತು. ಮೊದಲ ಸಲ ಅರ್ಧಕ್ಕೇ ಹೋಯಿತು. ಎರಡನೇ ಸಲವೂ ಹೋಯಿತು. ಮೂರನೇ ಸಲ ಹೆಬ್ಬೆರಳುಗಳಿಗೆ ಗುರುತು ಸಿಕ್ಕಿತು, ಪರದೆಯ ತುಂಬ ನಕ್ಷತ್ರ ಉದುರಿದವು. ನೂರಕ್ಕೆ ತೊಂಬತ್ತನಾಲ್ಕು! ನನಗೆ ಎಲ್ಲಿಲ್ಲದ ಜಂಬ ಬಂತು. ಜಂಬ ಬಂದಾಗ ನನ್ನ ಬಾಯಿ ನಿಲ್ಲುವುದಿಲ್ಲ.

“ಹಾಡು ಸಹ ಲಾಯ್ಕುಂಟು ಮಾರಾಯ್ತಿ. ಎಂಥ ಸ್ವರ! ಚರಣದಲ್ಲಿ ತಾಳ ಸ್ವಲ್ಪ ಓಡ್ತದೆ, ಅಷ್ಟೆ.”

ಸುಪ್ರೀತಾ ಕುಣಿಯಲಿಲ್ಲ. ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು. ಯಂತ್ರಕ್ಕೆ ಸಿಕ್ಕಿಸಿದ್ದ ಇಯರ್‌ಫೋನಿನ ವಯರನ್ನು ಮೆಲ್ಲಗೆ ಎಳೆದಳು. ಅದರ ಇನ್ನೊಂದು ತುದಿ ಸೋಫಾದ ದಿಂಬಿನ ಅಡಿಯಿಂದ ಹೊರಗೆ ಬಂತು.

“ಅಪ್ಪ, ಸೌಂಡೇ ಬರ್ತಾ ಇರ್ಲಿಲ್ಲ.”

“ನಾನು ಸುಮ್ಮನೆ ಹೇಳಿದ್ದು, ನಿನ್ನನ್ನು ಖುಷಿ ಮಾಡ್ಲಿಕ್ಕೆ” ಎಂದೆ. ಅವಳು ವಯರನ್ನು ಕಿತ್ತಳು, ಏನೋ ಒತ್ತಿ ಬದಲಾಯಿಸಿ ಯಂತ್ರವನ್ನು ವಾಪಸು ಕೊಟ್ಟಳು. ಈಗ ಗುರುತುಗಳು ಅರ್ಧ ದಾರಿ ಇಳಿದು ಮಾಯವಾಗುತ್ತಿದ್ದವು. “ಇದು ಹಿಡನ್ ಮೋಡ್. ಕೇಳಿ ಒತ್ತಬೇಕು” ಎಂದಳು.

ಇಪ್ಪತ್ತು ಸೆಕೆಂಡಿಗೆ ಝಿಯೋರಾ ತಲೆಗೆ ಕೈಹೊತ್ತಳು. ಮತ್ತೆ ಶುರು ಮಾಡಿದೆ, ಮತ್ತೆ ಕೈಹೊತ್ತಳು. ನನಗೆ ದೂರದಲ್ಲಿ ಯಾರೋ ಮೂಟೆ ಇಳಿಸುವಂಥ ದಬ್ ದಬ್ ಬಿಟ್ಟರೆ ಬೇರೇನೂ ಇಲ್ಲ. ಯಂತ್ರದ ಸದ್ದು ಸಣ್ಣದಿರಬೇಕು ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಉಷಾಲತಾ ಸೌಟು ಹಿಡಿದುಕೊಂಡೇ ಬಂದಳು.

“ಎಂತದು ಆ ಹೆಣ್ಣಿನ ಕಿರುಚಾಟ! ಸ್ವಲ್ಪ ಸಣ್ಣ ಮಾಡಿ, ಪಕ್ಕದವರು ಬಂದು ಬಾಗಿಲು ಬಡೀತಾರೆ ಈಗ.”

ಅವಳು ಒಳಗೆ ಹೋದಳು. ನಾನು ಯಂತ್ರವನ್ನು ಸೋಫಾದ ಮೇಲೆ ಎಸೆದೆ. “ಪೊಟ್ಟು ಆಟ! ಯಾವ ಕೆಲಸಕ್ಕೂ ಬಾರದ್ದು.”

“ಲೈಟ್ ಆಫ್ ಆಗುವಾಗ ನಿಮಗೆ ಸಂದೇಶ್ ಅಂಕಲ್‌ನ ಕೈ ಕಾಣ್ತದಾ ಅಪ್ಪ?” ಸುಪ್ರೀತಾ ಕೇಳಿದಳು. ಪ್ರತಿ ವಾರ ನನ್ನ ಜೊತೆ ಅಭ್ಯಾಸಕ್ಕೆ ಬಂದು ಮೂಲೆಯಲ್ಲಿ ಕೂರುವವಳು ಅವಳು.

“ಬಾಯಿ ಮುಚ್ಚು!” ಎಂದುಬಿಟ್ಟೆ. ಅವಳ ಕಣ್ಣು ತುಂಬಿತು. ನನಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಯಿತು.

“ನಾನು ಯಾರಿಗೂ ಹೇಳೂದಿಲ್ಲ” ಎಂದಳು. “ನೀವೇ ಹೇಳಿ.”

ಹೇಳುವುದಾ? ನನ್ನ ತಲೆ ಬೇರೆಯೇ ದಾರಿ ಹುಡುಕಿತು. ಕೇಳದಿದ್ದರೆ ಏನಾಯಿತು, ಬಾಯಿಪಾಠ ಮಾಡಬಹುದಲ್ಲ! ಪ್ರತಿ ಸಂಜೆ ಕೆಲಸದಿಂದ ಬಂದು, ಚಹಾ ಕುಡಿದು, ಹಿಡನ್ ಮೋಡಿನಲ್ಲಿ ಹನ್ನೊಂದನೇ ಹಾಡು ಹಿಡಿದು ಕೂತೆ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು, ಎಲ್ಲ ಮನಸ್ಸಿನಲ್ಲೇ ಎಣಿಕೆ. ಗೋದಾಮಿನಲ್ಲಿ ಇನ್‌ವಾಯ್ಸಿಗೆ ಸಹಿ ಹಾಕುವಾಗಲೂ ಬೆರಳು ಮೇಜಿನ ಮೇಲೆ ಕುಟ್ಟುತ್ತಿತ್ತು. ಗುರುವಾರ ಸಂಜೆ ನೂರಕ್ಕೆ ಎಂಬತ್ತೊಂದು ಬಂತು. ಝಿಯೋರಾ ಎದ್ದು ನಿಂತು ಕೈ ಬೀಸಿದಳು.

“ನೋಡಿದೆಯಾ? ಕೇಳದೆಯೂ ಆಗ್ತದೆ! ರಾಕ್ಷಸನ ಪದವನ್ನೂ ಹೀಗೆಯೇ ಎಣಿಸಿ ಇಡ್ತೇನೆ.”

ಸುಪ್ರೀತಾ ನನ್ನ ಎದುರಿಗೆ ಬಂದು ಕುಳಿತಳು. ಈಗ ಅವಳು ನನ್ನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. “ಅಪ್ಪ, ಝಿಯೋರಾ ಎವ್ರಿ ಟೈಮ್ ಒಂದೇ ತರ ಹಾಡ್ತಾಳೆ. ಸಂದೇಶ್ ಅಂಕಲ್ ಹಾಡ್ತಾರಾ?”

ಇಲ್ಲ. ಸಂದೇಶ ಒಂದೇ ಪದವನ್ನು ಎರಡು ಸಲ ಒಂದೇ ಥರ ಹಾಡಿದ್ದು ನಾನು ಕಂಡದ್ದೇ ಇಲ್ಲ. ವೇಷದವನು ಹುರುಪಿನಲ್ಲಿದ್ದರೆ ಎಳೆಯುತ್ತಾನೆ, ಅವನಿಗೆ ಉಸಿರು ಕಟ್ಟಿದರೆ ಬೇಗ ಮುಗಿಸುತ್ತಾನೆ. ಕತ್ತಲೆಯಲ್ಲಿ ಪ್ರೇಕ್ಷಕರ ನಡುವೆ ನಡೆದು ಬರುವ ರಾಕ್ಷಸ ಎಲ್ಲಿ ನಿಲ್ಲುತ್ತಾನೆ, ಯಾವ ಮಗು ಹೆದರಿ ಅವನ ಕಾಲಿಗೆ ಅಡ್ಡ ಬರುತ್ತದೆ, ಯಾರು ಬಲ್ಲರು? ಭಾಗವತ ಅದನ್ನೆಲ್ಲ ನೋಡಿ ಹಾಡುತ್ತಾನೆ, ಮದ್ದಳೆಯವನು ಭಾಗವತನನ್ನು ಕೇಳಿ ಬಾರಿಸುತ್ತಾನೆ. ಹದಿನೆಂಟು ವರ್ಷ ನಾನೇ ಹೊಸಬರಿಗೆ ಹೇಳಿಕೊಟ್ಟ ಪಾಠ ಇದು. ಯಂತ್ರವನ್ನು ಮಗಳ ಕೈಗೆ ಕೊಟ್ಟೆ.

ಮರುದಿನ ಶುಕ್ರವಾರ. ಅರ್ಧ ಗಂಟೆ ಮೊದಲೇ ಹಾಲ್‌ಗೆ ಹೋದರೆ ಸಂದೇಶ ಆಗಲೇ ಬಂದು ಒಬ್ಬನೇ ಚಹಾ ಕುಡಿಯುತ್ತಿದ್ದ. ಸುಪ್ರೀತಾ ನನ್ನನ್ನು ಬಿಟ್ಟು ಹಿಂದಿನ ಕುರ್ಚಿಗೆ ಹೋದಳು. ನಾನು ನಿಂತುಕೊಂಡೇ ಹೇಳಿದೆ: “ಸಂದೇಶ, ನನಗೆ ಜಾಗಟೆ ಕೇಳೂದಿಲ್ಲ. ಕತ್ತಲೆಯಲ್ಲಿ ನನ್ನಿಂದ ಆಗ್ಲಿಕ್ಕಿಲ್ಲ.”

ಅವನು ಲೋಟ ಕೆಳಗಿಟ್ಟ. “ಗೊತ್ತುಂಟು ಭುಜಂಗಣ್ಣ.”

“ಎಂತ ಗೊತ್ತುಂಟು?”

“ಒಂದೂವರೆ ವರ್ಷ ಆಯ್ತು. ನಾನು ಜಾಗಟೆಯನ್ನು ಇಷ್ಟು ಮೇಲೆ ಎತ್ತಿ ಹಿಡಿಯೂದು ಯಾರಿಗೆ ಅಂತ ಗ್ರಹಿಸಿದ್ರಿ? ಸ್ಟೈಲಿಗಾ?” ತನ್ನ ಎಡಭುಜವನ್ನು ಒತ್ತಿಕೊಂಡ. “ಜುಫೈರಿನಲ್ಲಿ ವಾರಕ್ಕೆ ಎರಡು ಸಲ ಫಿಸಿಯೋಥೆರಪಿ ನಡೀತಾ ಉಂಟು ಇದಕ್ಕೆ.”

ನಾನು ಕುಳಿತುಬಿಟ್ಟೆ. ಮಂಗಳಾರತಿ ಎಂದು ಎಲ್ಲರನ್ನೂ ನಗಿಸಿದ್ದು ನೆನಪಾಯಿತು. ಆಮೇಲೆ ಸಿಟ್ಟೂ ಬಂತು. “ಗೊತ್ತಿದ್ದೂ ಲೈಟ್ ಆರಿಸೂದು ಅಂತ ಹೇಳಿದ್ದು ಯಾಕೆ ಹಾಗಾದ್ರೆ?”

ಸಂದೇಶ ನನ್ನ ಮುಖ ನೋಡಲಿಲ್ಲ. ಆಮೇಲೆ, ನೋಡದಿದ್ದರೆ ನನಗೆ ತಿಳಿಯದು ಎಂದು ಹೊಳೆದಿರಬೇಕು, ತಿರುಗಿ ಕುಳಿತ. “ನೀವೇ ಬಂದು ಹೇಳ್ಲಿ ಅಂತ. ನಾನಾಗಿ ಹೇಳಿದ್ರೆ ನೀವು ಮತ್ತೆ ಈ ಹಾಲ್‌ಗೆ ಕಾಲಿಡ್ಲಿಕ್ಕಿಲ್ಲ.”

ಅದು ನಿಜ. ಕಾಲಿಡುತ್ತಿರಲಿಲ್ಲ.

“ಹಾಗಾದ್ರೆ ಮದ್ದಳೆ?” ಎಂದು ಕೇಳಿದೆ.

“ದೊಂದಿಯ ಪದಕ್ಕೆ ಜೋಸ್ವಿನ್ ಬಾರಿಸ್ಲಿ. ಉಳಿದದ್ದು ನಿಮ್ಮದೇ. ಆದ್ರೆ ಬರುವ ವಾರವೇ ಕಿವಿ ಡಾಕ್ಟ್ರ ಹತ್ರ ಹೋಗ್ಬೇಕು, ಅದು ಕಂಡೀಷನ್.”

ತಂಡದವರು ಒಬ್ಬೊಬ್ಬರಾಗಿ ಬಂದರು. ಜೋಸ್ವಿನ್ ನಮ್ಮಲ್ಲಿ ಚೆಂಡೆಯವನು, ಮದ್ದಳೆಯನ್ನು ಐದು ವರ್ಷ ನನ್ನಿಂದಲೇ ಕಲಿತವನು. ಮದ್ದಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಫೋನ್ ತೆಗೆಯದೆ, ಎಲ್ಲರೆದುರು ಅವನನ್ನು ಕರೆದೆ. “ಜೋಸ್ವಿನ್, ಶ್ರುತಿ ಸೇರಿತಾ ಕೇಳಿ ಹೇಳು. ನನಗೆ ಗೊತ್ತಾಗೂದಿಲ್ಲ.” ಅವನು ಬಂದು ಬಗ್ಗಿ ಕಿವಿ ಇಟ್ಟ, ಸಣ್ಣ ಸುತ್ತಿಗೆಯಿಂದ ಅಂಚಿಗೆ ಎರಡು ಪೆಟ್ಟು ಕೊಟ್ಟ, ತಲೆ ಆಡಿಸಿದ.

ಸಂದೇಶ ಬಂದು ತನ್ನ ಜಾಗದಲ್ಲಿ ಕುಳಿತ. ಪದ ಎತ್ತುವ ಮೊದಲು, ಎಂದಿನಂತೆ, ಜಾಗಟೆಯನ್ನು ಎದೆಮಟ್ಟಕ್ಕೆ ತಂದ. ಅವನ ಭುಜ ಒಮ್ಮೆ ನಡುಗಿದ್ದು ನನಗೆ ಕಂಡಿತು.

“ಕೆಳಗೆ ಹಿಡಿ ಮಾರಾಯ” ಎಂದೆ. “ಅಲ್ಲಿದ್ರೂ ನನಗೆ ಕಾಣ್ತದೆ.”