ಮ್ಯೂಸಿಕ್ ಇಲ್ಲದ ವಾರ್ತೆ

ಸಂಜೆ ವಾರ್ತೆಗೆ ಇನ್ನೂ ಹೊತ್ತಿತ್ತು. ಕುಸುಮ ಓದಬೇಕಾದ ಹಾಳೆಗಳನ್ನು ಆಗಲೇ ಮತ್ತೆ ಮತ್ತೆ ಓದಿ ಮುಗಿಸಿದ್ದಳು. ಹೆದ್ದಾರಿಯ ಹೊಂಡ, ಬ್ರಹ್ಮಾವರದಲ್ಲಿ ಕೃಷಿ ಮಾಹಿತಿ ಶಿಬಿರ, ಅಮಾಸೆಬೈಲಿನಲ್ಲಿ ತೋಟಕ್ಕೆ ನುಗ್ಗಿದ ಕಾಡುಕೋಣ. ನಾಲಿಗೆ ತೊಡರುವಂಥದ್ದು ಯಾವುದೂ ಇರಲಿಲ್ಲ. ಆದರೂ ಎಲ್ಲಾದರೂ ತಪ್ಪೀತೆಂಬ ಅಂಜಿಕೆ ಅವಳನ್ನು ಬಿಡುತ್ತಿರಲಿಲ್ಲ.

"ಕುಸುಮಾ, ಇವತ್ತಿಂದ ಮ್ಯೂಸಿಕ್ ಹಾಕುವ," ಎಂದ ಯತೀಶ, ಬಾಗಿಲಲ್ಲೇ ನಿಂತು.

ಅವಳು ತಲೆಯೆತ್ತಿದಳು. "ಕಡಲಿಗ್ ಹೋದ ಮುತ್ತ ಇನ್ನೂ ಸಿಕ್ಕಲಿಲ್ಲೆ ಅಲ್ದಾ ಯತೀಶಣ್ಣ?"

"ಸಿಕ್ಕುದಾದ್ರೆ ಇಷ್ಟೊತ್ತಿಗೆ ಸಿಕ್ತಿದ್ದ. ಹುಡ್ಕುಕೆ ಹೋದವ್ರೇ ದೋಣಿ ಎಳ್ದ್ ಮೇಲ್ ಹಾಕಿರ್. ನಾವೊಬ್ರ್ ಮೂಗರ ಹಾಂಗೆ ವಾರ್ತೆ ಓದ್ತಾ ಕೂಕಂಬುದಾ?"

"ಮೂಗ್ರ್ ಹ್ಯಾಂಗ್ ಓದುದ್ ಮಾರಾಯ್ರೆ?"

ಯತೀಶ ನಗಲಿಲ್ಲ.

ಕುಂದಾಪುರದ ಚಪ್ಪಲಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ 'ತೀರವಾರ್ತೆ' ನಡೆಯುತ್ತಿತ್ತು. ಕೇಬಲ್ಲಿನಲ್ಲಿ ಬೈಂದೂರು, ಯಡ್ತರೆವರೆಗೂ ಹೋಗುತ್ತಿತ್ತು. ಅದನ್ನು ಶುರು ಮಾಡಿದವರು ಯತೀಶನ ಸೋದರಮಾವ ಕುಷ್ಟ. ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಅವರು ವಾರ್ತೆಗೆಂದು ಕೀಬೋರ್ಡಿನಲ್ಲಿ ತಾವೇ ಒಂದು ಟ್ಯೂನ್ ಕಟ್ಟಿದ್ದರು. ಹಿಂದೆ ತಾಳದ ಸದ್ದು, ಮುಂದೆ ಎರಡು ಸಾಲು ರಾಗ, ಅಷ್ಟೆ. ಬೆಂಗಳೂರಿನ ಚಾನೆಲ್ಲುಗಳು ಡ್ರಮ್ಮು ಬಡಿಯಲು ಶುರು ಮಾಡಿದಾಗ ಕುಷ್ಟರೂ ಆಸೆಪಟ್ಟು ಹಾಗೆಯೇ ಒಂದನ್ನು ಮಾಡಿಸಿದರು. "ಸುದ್ದಿ ಬಪ್ಪುದಾ, ಲಾರಿ ಬಪ್ಪುದಾ?" ಎಂದು ಪೇಟೆಯವರು ಕೇಳಿದ ಮೇಲೆ ನಾಚಿ ಮತ್ತೆ ಹಳೆಯದಕ್ಕೇ ಬಂದರು.

ಒಂದು ಮಳೆಗಾಲ ಗಂಗೊಳ್ಳಿಯ ಅಳಿವೆ ಬಾಯಲ್ಲಿ ದೋಣಿ ಮಗುಚಿತು. ಅದರಲ್ಲಿದ್ದವರು ಕುಷ್ಟರ ಭಜನೆಯ ಜೊತೆಗಾರರು. ಆ ಸಂಜೆ ಮ್ಯೂಸಿಕ್ಕಿನ ಗುಂಡಿ ಒತ್ತಲು ಅವರಿಗೆ ಕೈ ಬರಲಿಲ್ಲ. ಕೊನೆಯವನು ಸಿಗುವವರೆಗೆ ವಾರ್ತೆ ಹಾಗೆಯೇ, ಬರಿ ಮಾತಿನಲ್ಲಿ ಶುರುವಾಯಿತು. ಅಂದಿನಿಂದ ಅದೇ ಪದ್ಧತಿ. ಸಮುದ್ರಕ್ಕೆ ಹೋದವನು ಸಿಗಲಿಲ್ಲವೆಂದರೆ ಮ್ಯೂಸಿಕ್ ಇಲ್ಲ; ಸಿಕ್ಕಿದ ಸಂಜೆ ಉಂಟು. ಹೆಚ್ಚಿನ ಸಲ ಸಿಕ್ಕಿದ್ದು ಹೆಣವೇ. ಆದರೆ ಕರಿಯ ಎಂಬವನೊಬ್ಬ ತೇಲುತ್ತ ಹೋಗಿ, ಬೇರೆ ಯಾವುದೋ ಬೋಟಿನವರ ಕೈಗೆ ಸಿಕ್ಕಿ, ಜೀವಸಹಿತ ಮನೆಗೆ ಬಂದಿದ್ದ. ಆ ಸಂಜೆ ಕುಷ್ಟರು ಟ್ಯೂನನ್ನು ಎರಡು ಸಲ ಹಾಕಿದ್ದನ್ನು ಗಂಗೊಳ್ಳಿಯವರು ಇಂದಿಗೂ ಹೇಳುತ್ತಾರೆ.

"ಕುಷ್ಟ ಮಾವ ಇದ್ದಿರೆ..." ಎಂದು ಕುಸುಮ ಶುರು ಮಾಡಿದಳು.

"ಮಾವ ಇಲ್ಲೆ. ಚಾನೆಲ್ ನಡೆಸುದ್ ನಾನ್. ಜಾಹೀರಾತ್ ಕೊಡುವ ಫರ್ನಿಚರ್ ಅಂಗ್ಡಿಯರ್ ಮ್ಯೂಸಿಕ್ ಮೇಲೆ ಅವ್ರ್ ಹೆಸ್ರ್ ಹೇಳ್ಕ್ ಅಂತ್ರ್. ಮ್ಯೂಸಿಕ್ಕೇ ಇಲ್ದಿರೆ ಎಂತದ್ರ್ ಮೇಲ್ ಹೇಳುದ್?"

"ಮೊದ್ಲೇ ಒಂದ್ ಮಾತ್ ಹೇಳಿ ಹಾಕುವನಾ? ಮುತ್ತ ಇನ್ನೂ ಸಿಕ್ಕಲಿಲ್ಲೆ ಅಂದ್ಹೇಳಿ?"

"ಮೊದ್ಲ್ ಮ್ಯೂಸಿಕ್, ಆಮೇಲ್ ಮಾತ್. ಬೇಕಾರೆ ಕಡಿಗ್ ಸೇರ್ಸ್."

ಅವನು ಹೋದ ಮೇಲೆ ಕುಸುಮ ಕೊನೆಯ ಹಾಳೆಯ ಕೆಳಗೆ ಒಂದು ಸಾಲು ಬರೆದಳು. ಹೊಡೆದು ಹಾಕಿ ಮತ್ತೆ ಬರೆದಳು. ದೋಣಿ ಮಗುಚಿ ತಿಂಗಳಾಗುತ್ತ ಬಂದಿತ್ತು. ಜೊತೆಗಿದ್ದ ಇಬ್ಬರ ಹೆಣ ಸಿಕ್ಕಿತ್ತು, ಮುತ್ತನದು ಮಾತ್ರ ಇಲ್ಲ. ಮೊದಲ ವಾರ ಅವನ ಮನೆಗೆ ಹೋಗಿದ್ದಾಗ ಹೆಂಡತಿ ಜಲಜ ಹೇಳಿದ್ದಳು: "ನಿಮ್ಮ ವಾರ್ತೆ ಮ್ಯೂಸಿಕ್ ಇಲ್ದೆ ಶುರುವಾಯ್ತ್ ಅಂದ್ರೆ, ನೀವಾದ್ರೂ ನೆನ್ಪ್ ಇಟ್ಕಂಡಿರಿ ಅಂದ್ಹೇಳಿ ಒಂದ್ ಸಮಾಧಾನ ಕುಸುಮಕ್ಕ." ಅವಳಿಗೊಂದು ಫೋನು ಮಾಡಿ ಹೇಳಬೇಕೆಂದು ಕುಸುಮ ನಂಬರು ತೆಗೆದಳು. ಎಂತ ಹೇಳುವುದು? ನಿಮ್ಮ ಗಂಡನನ್ನು ಇವತ್ತಿಂದ ಬಿಟ್ಟೆವು ಎಂದೇ? ಆ ಮಾತಿಗೆ ಬೇರೆ ರೂಪ ಹುಡುಕುತ್ತಿರುವಾಗಲೇ ವಾರ್ತೆಯ ಹೊತ್ತಾಯಿತು.

ಗುಂಡಿ ಒತ್ತುವ ಮುಂಚೆ ಅವಳು ಸದ್ದನ್ನು ತಗ್ಗಿಸಿದಳು. ತಗ್ಗಿಸಿದರೆ ಅಷ್ಟು ಚುಚ್ಚಲಾರದು ಎಂದುಕೊಂಡಳು. ತಾಳ, ಎರಡು ಸಾಲು ರಾಗ, ಅದರ ಮೇಲೆ ಅಂಗಡಿಯ ಹೆಸರು. "ನಮಸ್ಕಾರ, ತೀರವಾರ್ತೆಗೆ ಸ್ವಾಗತ."

ಹೊಂಡದ ಸುದ್ದಿ ಓದುವಾಗ ಮೇಜಿನ ಕೆಳಗೆ ಅವಳ ಫೋನು ಬೆಳಗಿತು. ಶಿಬಿರದ ಸುದ್ದಿಗೆ ಮತ್ತೆ ಬೆಳಗಿತು. ಕಾಡುಕೋಣ ಬರುವಷ್ಟರಲ್ಲಿ ಅದು ಆರುವುದನ್ನೇ ಬಿಟ್ಟಿತ್ತು. ಕುಸುಮ ಅವಸರಪಡಲಿಲ್ಲ. ಕೊನೆಯ ಸಾಲನ್ನು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಓದಿದಳು: "ಗಂಗೊಳ್ಳಿಯಲ್ಲಿ ದೋಣಿ ಮಗುಚಿ ಕಾಣೆಯಾಗಿರುವ ಮುತ್ತ ಅವರು ಇದುವರೆಗೂ ಪತ್ತೆಯಾಗಿಲ್ಲ."

ಕ್ಯಾಮೆರಾ ಆರಿದ ಕೂಡಲೇ ಫೋನು ಕಿವಿಗಿಟ್ಟಳು. ಜಲಜಳ ನೆರೆಮನೆಯ ರತ್ನ.

"ಹ್ವಾಯ್ ಕುಸುಮಕ್ಕ! ಎಲ್ಲ್ ಸಿಕ್ದ? ಕರಿಯನ ಹಾಂಗೆ ಜೀವ ಇತ್ತಲ್ದಾ? ಜಲಜ ಬರಿಗಾಲಂಗೆ ಬಂದರಿಗೆ ಓಡಿಯಾಯ್ತ್!"

"ನೀವ್ ವಾರ್ತೆ ಪೂರ್ತಿ ಕಾಣ್ಲಿಲ್ಯಾ ರತ್ನಕ್ಕ?"

"ಮ್ಯೂಸಿಕ್ ಕೇಂಡ್ ಮೇಲೆ ಕೂಕಂಡ್ ಯಾರ್ ಕಾಂತ್ರ್? ಕೇರಿಯರೆಲ್ಲ ಹೊರಗೇ ಇತ್ರ್!"

ಹಿಂದಿನಿಂದ ನಗು ಕೇಳುತ್ತಿತ್ತು, ಮಕ್ಕಳ ಕೂಗು ಕೇಳುತ್ತಿತ್ತು. ಇಲ್ಲ ಎನ್ನಬೇಕಾದ ಬಾಯಿಯಲ್ಲಿ ಕುಸುಮ ಅಂದದ್ದು, "ನಾ ಬತ್ತೆ, ಈಗ್ಳೇ ಬತ್ತೆ."

"ಕುಸುಮಕ್ಕನೇ ಬತ್ರಂಬ್ರ್!" ಎಂದು ರತ್ನ ಆಚೆ ಇದ್ದವರಿಗೆ ಕೂಗಿದ್ದು ಫೋನು ಕಡಿಯುವ ಮೊದಲು ಕೇಳಿಸಿತು.

ತ್ರಾಸಿಯಿಂದ ಒಳಗೆ ತಿರುಗಿ ಗಂಗೊಳ್ಳಿ ಸೇರುವವರೆಗೂ ಸ್ಕೂಟರಿನ ಮೇಲೆ ಅವಳು ಒಂದೇ ವಾಕ್ಯವನ್ನು ಜೋಡಿಸುತ್ತ, ಮುರಿಯುತ್ತ ಬಂದಳು. ಜಲಜಳ ಅಂಗಳದಲ್ಲಿ ದೀಪ ಹಾಕಿದ್ದರು. ಬಂದರಿಗೆ ಓಡಿದವರು ಅವಳು ಬರುತ್ತಾಳೆಂದು ಹಿಂದಿರುಗಿ ಕಾಯುತ್ತಿದ್ದರು. ಮುತ್ತನ ಅಣ್ಣ ದೇವು ಸ್ಕೂಟರು ನಿಲ್ಲಿಸಲು ಜಾಗ ಬಿಡಿಸಿದ. "ಸರೀರಿ ಮಕ್ಳೆ, ಸುದ್ದಿಯರೇ ಬಂದ್ರ್!"

ಜಲಜ ಮುಂದೆ ಬಂದಳು. ಕಾಲಿಗೆ ಮರಳು ಮೆತ್ತಿತ್ತು. ಕುಸುಮಳ ಮುಖ ಕಂಡು ಅಲ್ಲಿಯೇ ನಿಂತಳು.

"ಸಿಕ್ಕಲಿಲ್ಲೆ ಜಲಜ," ಎಂದಳು ಕುಸುಮ. ಜೋಡಿಸಿದ ವಾಕ್ಯ ಯಾವುದೂ ಬಾಯಿಗೆ ಬರಲಿಲ್ಲ.

"ಹೆಣವಾ?"

"ಅದೂ ಇಲ್ಲೆ."

ಅಂಗಳದಲ್ಲಿ ಒಂದು ಮಗು ಮಾತ್ರ ಇನ್ನೂ ನಗುತ್ತಿತ್ತು. ಯಾರೋ ಅದರ ಬಾಯಿ ಮುಚ್ಚಿದರು.

"ಹಂಗಾರೆ ಮ್ಯೂಸಿಕ್ ಎಂತಕ್ ಹಾಕ್ರಿ?" ಎಂದಳು ಜಲಜ.

"ಫರ್ನಿಚರ್ ಅಂಗ್ಡಿ ಜಾಹೀರಾತ್ ಇದ್ದಿತ್... ಯತೀಶಣ್ಣ ಹೇಳ್ರ್. ಒತ್ತಿದ್ ನಾನೇ."

"ಕುರ್ಚಿ ಮಂಚ ಮಾರುಕಾ?" ಎಂದಳು ರತ್ನ.

ಜಲಜ ಬಯ್ಯಲಿಲ್ಲ, ಅಳಲಿಲ್ಲ. ಕೇಳಿದಳು, "ನಾಳಿಗೂ ಮ್ಯೂಸಿಕ್ ಇತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಇಂದಿನ ರಾತ್ರಿಗೆ ಅಷ್ಟು ಸಾಕಿತ್ತು. ಆದರೆ ನಾಳೆ ಸಂಜೆ ಆ ತಾಳ ಮತ್ತೆ ಇದೇ ಮನೆಯೊಳಗೆ ಕೇಳಿಸುತ್ತದೆ. ಮತ್ತೊಮ್ಮೆ ಇವಳು ಬಂದರಿಗೆ ಓಡಬಾರದು.

"ಇತ್ತ್," ಎಂದಳು ಕುಸುಮ. "ಇನ್ ದಿನಾ ಇರತ್ತ್."

ಜಲಜ ತಲೆಯಾಡಿಸಿದಳು. ದೇವು ಮುಖ ತಿರುಗಿಸಿ ಕತ್ತಲ ಕಡೆ ನಿಂತ. ಜನ ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಅಂಗಳದಿಂದ ಕರಗತೊಡಗಿದರು.

"ಅತ್ತೆಗ್ ಕೆಮಿ ಮಂದ," ಎಂದಳು ಜಲಜ, ಅಡುಗೆಮನೆಯ ಕಡೆ ನೋಡುತ್ತ. "ಟೀವೀಲಿ ಮ್ಯೂಸಿಕ್ ಬಂತ್, ಮಗ ಸಿಕ್ದ ಅಂದ್ ನಾನೇ ಕಿರ್ಚಿ ಹೇಳ್ದೆ. ಇದನ್ ನೀವೇ ಹೇಳಿ ಕುಸುಮಕ್ಕ. ಎರಡನ್ನೂ ಹೇಳುಕೆ ನಂಗಾತ್ತಿಲ್ಲೆ."

ಕುಸುಮ ಚಪ್ಪಲಿ ಕಳಚಿ ಒಳಗೆ ಹೋದಳು. ಮುತ್ತನ ತಾಯಿ ನಾಗು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬೆಂಕಿ ಊದುತ್ತಿದ್ದಳು. ದೊಡ್ಡ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು.

"ಬಾ ಮಗಾ, ಕೂಕೊ," ಎಂದಳು ನಾಗು, ಹೊಗೆಗೆ ಕಣ್ಣು ಕಿರಿದು ಮಾಡಿ. "ಕುಚ್ಚಕ್ಕಿ ಅಲ್ದಾ, ಬೇಯುಕೆ ಹೊತ್ತ್ ಹಿಡಿತ್ತ್. ಅಂವ ಹಸ್ಕಂಡ್ ಬಪ್ಪುದ್. ಅದ್ಕೇ ಈಗ್ಳೇ ಇಟ್ಟೆ."

ಕುಸುಮ ಅವಳ ಪಕ್ಕ ಕುಳಿತಳು. ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ. ಅವಳು ಮುದುಕಿಯ ಕಿವಿಗೆ ಬಾಯಿ ಹತ್ತಿರ ತಂದು, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ, "ಅಮ್ಮಾ," ಎಂದಳು.