ಒಂದು ಗಂಟೆ ಹತ್ತು ನಿಮಿಷದ ಸೋದರಮಾವ

ರಂಗಸಾಮಿಗೆ ಪ್ರತಿಷ್ಠೆ ನೆತ್ತಿಗೇರಿದ್ದು ಮಗಳು ಸತ್ಯಾಳ ಮದುವೆಗೆ ಐದೇ ದಿನ ಇರುವಾಗ. ಹೆಂಡತಿ ಪೆರಿಯನಾಯಕಿಯ ತಮ್ಮ ಗೋಪಾಲಸಾಮಿ ಚೆನ್ನೈಯ ಕೈಮಗ್ಗ ಪ್ರದರ್ಶನದಲ್ಲಿ ಸೀರೆ ನೇಯ್ದು ತೋರಿಸಲು ಹೋಗಿದ್ದ. ರೈಲು ಹತ್ತಿ ಮದುವೆಯ ದಿನ ಬೆಳಗಿನ ಜಾವ ಕೋಯಮತ್ತೂರಿನ ಪಕ್ಕದ ಪೋತ್ತನೂರಿನಲ್ಲಿ ಇಳಿಯುವವನಿದ್ದ. ಆ ಟಿಕೆಟನ್ನು ರಂಗಸಾಮಿ ರದ್ದು ಮಾಡಿಸಿದ. ಮಡತ್ತುಕುಳದ ಬೀಗರೆದುರು ‘ನನ್ನ ಮಚ್ಚಾನ್ ವಿಮಾನದಲ್ಲಿ ಬರ್ತಾನೆ’ ಎಂದು ಭಾವಮೈದನ ಬಗ್ಗೆ ಹೇಳಿಕೊಳ್ಳಬೇಕಿತ್ತಲ್ಲ.

“ಒಂದು ಗಂಟೆ ಹತ್ತು ನಿಮಿಷ, ಅಷ್ಟೇ. ಆರೂವರೆಗೆ ಹೊರಟರೆ ಏಳು ನಲವತ್ತಕ್ಕೆ ಕೋಯಮತ್ತೂರು. ಬಸ್ಸಿಗೆ ಹೋಗೋ ಹಾಗೆ ಅರ್ಧ ಗಂಟೆ ಮುಂಚೆ ಹೋದ್ರೆ ಸಾಕು, ಪೋದುಂ,” ಎಂದು ಫೋನಿನಲ್ಲಿ ಪಾಠ ಬೇರೆ ಹೇಳಿದ. ತಾನು ಜನ್ಮದಲ್ಲಿ ವಿಮಾನ ಹತ್ತಿದವನಲ್ಲ.

ಭಾವ ಹೇಳಿದಂತೆ ಗೋಪಾಲಸಾಮಿ ಮದುವೆಯ ದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ ವಿಮಾನ ನಿಲ್ದಾಣಕ್ಕೆ ಹೋದ. ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರಂತೆ. ಮುಂದಿನ ವಿಮಾನ ಒಂಬತ್ತೂವರೆಗೆ.

“ಅದೂ ಒಂದೇ ಗಂಟೆ ಕಣೆ,” ಎಂದ ರಂಗಸಾಮಿ. ಪೆರಿಯನಾಯಕಿ ಬೆರಳು ಮಡಚಿ ಎಣಿಸಿದಳು. ಇಳಿಯುವಾಗಲೇ ಹತ್ತು ನಲವತ್ತು, ಅಲ್ಲಿಂದ ಮದುವೆ ನಡೆಯುವ ಮಡತ್ತುಕುಳಕ್ಕೆ ಎರಡು ಗಂಟೆಯ ರಸ್ತೆ. ಮುಹೂರ್ತ ಹತ್ತೂವರೆಗೆ. ಅವರ ಮನೆತನದಲ್ಲಿ ಹುಡುಗಿಯ ಕೈಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ಸತ್ಯಾ ಮಾತು ಕಲಿತದ್ದೇ ಆ ಮಾವನ ಮಗ್ಗದ ಪಕ್ಕದಲ್ಲಿ ಕೂತು. ಪೆರಿಯನಾಯಕಿಗೆ ಮೈಯೆಲ್ಲ ಉರಿದುಹೋಯಿತು.

ಹತ್ತೂಕಾಲಿಗೆ ಗಂಡಿನ ತಂದೆ ಅಂಗಪ್ಪನ್ ಸೋದರಮಾವ ಎಲ್ಲಿ ಎಂದು ಕೇಳಿದರು.

“ಏನು ಮಾಡೋದು, ಮಲಗಿಬಿಟ್ಟನಂತೆ, ವಿಮಾನ ತಪ್ಪೋಯ್ತು,” ಎಂದ ರಂಗಸಾಮಿ, ನಾಚಿಕೆಯಿಲ್ಲದೆ. “ನನ್ನ ಚಿಕ್ಕಪ್ಪನ ಮಗ ಕರುಪ್ಪುಸಾಮಿ ಕರ್ಕೊಂಡು ಬರ್ತಾನೆ.”

ಪೆರಿಯನಾಯಕಿ ಮೂವತ್ತು ವರ್ಷದಲ್ಲಿ ಜನರೆದುರು ಗಂಡನ ಮಾತಿಗೆ ಎದುರಾಡಿದವಳಲ್ಲ.

“ಅವನು ಮಲಗಲಿಲ್ಲ, ಬೀಗರೇ. ರೈಲಲ್ಲಿ ಬಂದಿದ್ರೆ ಎಂಟಕ್ಕೇ ಇಲ್ಲಿರ್ತಿದ್ದ. ನಿಮ್ಮ ಮುಂದೆ ಮೆರೆಯೋಕೆ ಇವರೇ ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ದು. ತಪ್ಪು ಟೈಮ್ ಹೇಳಿದ್ದೂ ಇವರೇ.”

ಅವಳು ಯಾರ ಮುಖವನ್ನೂ ನೋಡದೆ ಮಗಳ ಕೋಣೆಗೆ ನಡೆದಳು. ಬಾಗಿಲಲ್ಲಿ ಕರುಪ್ಪುಸಾಮಿ ಹೊಸ ಪಂಚೆಯುಟ್ಟು ಕಾಯುತ್ತಿದ್ದ.

“ಆಚೆ ಸರಿದು ನಿಲ್ಲಪ್ಪ. ನನ್ನ ತಮ್ಮ ಇಲ್ಲದಿದ್ರೆ ಅವನ ಒಡಹುಟ್ಟಿದವಳು ನಾನಿದೀನಿ,” ಎಂದು ಮಗಳ ಕೈಹಿಡಿದು ತಾನೇ ಹಸೆಗೆ ಕರೆತಂದಳು. ಸತ್ಯಾಳ ಕೈ ತಣ್ಣಗಿತ್ತು. ಯಾರೂ ತಡೆಯಲಿಲ್ಲ.

ಗೋಪಾಲಸಾಮಿ ಬಂದಾಗ ಒಂದು ಗಂಟೆ. ಕೊನೆಯ ಪಂಕ್ತಿ ಎದ್ದಿತ್ತು. ಹುಡುಗಿಯ ಕೊರಳಿನ ತಾಳಿಯನ್ನು ದೂರದಿಂದಲೇ ನೋಡಿ ಬೆವರು ಒರೆಸಿಕೊಂಡ.

“ವಿಮಾನ ಹೇಗಿತ್ತು, ಮಚ್ಚಾನ್?” ರಂಗಸಾಮಿ ಏನೂ ಆಗದವನಂತೆ ಕೇಳಿದ.

“ಚೆನ್ನಾಗಿತ್ತು, ಭಾವ. ಕಿಟಕಿ ಪಕ್ಕ ಸೀಟು ಸಿಕ್ತು. ತಪ್ಪು ನಂದೇ, ನಾನು ಬೇಗ ಹೋಗಬೇಕಿತ್ತು.”

ಬೆಳಗಿನಿಂದ ಗಂಡನ ಮೇಲಿದ್ದ ಸಿಟ್ಟು ಪೆರಿಯನಾಯಕಿಗೆ ಈಗ ತಮ್ಮನ ಮೇಲೂ ಬಂತು.

“ಅವಳ ಕೈ ಹಿಡಿಯೋದಂತೂ ನಿಂಗೆ ಸಿಗಲಿಲ್ಲ,” ಎಂದಳು. “ಇವರ ತಪ್ಪನ್ನಾದ್ರೂ ಇವರಿಗೇ ಬಿಡು.”

ರಂಗಸಾಮಿ ಎಲೆ ಹಾಕಿಸುತ್ತೇನೆಂದು ಅಲ್ಲಿಂದ ಜಾರಿಕೊಂಡ.